ಆನೆ ಕೂತ ಕ್ಯಾರಿಯರ್: ದೊಡ್ಡಪ್ಪನ ಕರಿ ಸೈಕಲ್ಲಿನ ವಿಮರ್ಶೆ

ಯಾವುದೇ ವಸ್ತುವಿನ ವಿಮರ್ಶೆ ಬರೆಯುವವರು ಅದರ ತಯಾರಕರು ಹೇಳಿಕೊಂಡ ಗುಣಗಳನ್ನು ಎದುರಿಗಿಟ್ಟುಕೊಂಡು, ಅವುಗಳಲ್ಲಿ ಎಷ್ಟು ನಿಜ, ಎಷ್ಟು ಬುರುಡೆ ಎಂದು ಒರೆಗೆ ಹಚ್ಚುವುದು ವಾಡಿಕೆ. ನಾನು ಎರಡು ಮಳೆಗಾಲ ತುಳಿದಿರುವ ಈ ಸೈಕಲ್ಲಿನ ವಿಷಯದಲ್ಲಿ ಆ ಕ್ರಮಕ್ಕೆ ಒಂದು ತೊಡಕಿದೆ. ಇದರ ತಯಾರಕರು ಯಾರೆಂಬುದೇ ಗೊತ್ತಿಲ್ಲ. ಹ್ಯಾಂಡಲಿನ ಕೆಳಗೆ ಇರಬೇಕಾಗಿದ್ದ ಕಂಪನಿಯ ಬಿಲ್ಲೆ ನಾನು ಹುಟ್ಟುವ ಮೊದಲೇ ಬಿದ್ದುಹೋಗಿದೆ, ಚೈನ್ ಕವರಿನ ಮೇಲಿದ್ದ ಅಕ್ಷರಗಳನ್ನು ಮಲೆನಾಡಿನ ಮಳೆ ತೊಳೆದುಕೊಂಡು ಹೋಗಿದೆ. ಇದರ ಗುಣಗಳನ್ನು ಹೇಳಿಕೊಂಡವರು ಕಂಪನಿಯವರಲ್ಲ, ಇದನ್ನು ಮೂವತ್ತು ವರ್ಷಕ್ಕೂ ಮಿಕ್ಕಿ ತುಳಿದ ನನ್ನ ದೊಡ್ಡಪ್ಪ. ಅವರ ಹೇಳಿಕೆಗಳನ್ನು ಯಾವ ಜಾಹೀರಾತು ಸಂಸ್ಥೆಯೂ ಮುದ್ರಿಸಲು ಧೈರ್ಯ ಮಾಡದು. ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವನಾದ್ದರಿಂದ, ಬಾಯಿಮಾತಿನ ಜಮೆಯನ್ನು ರಸೀದಿಯಿಲ್ಲದೆ ಪುಸ್ತಕಕ್ಕೆ ಹತ್ತಿಸುವ ಅಭ್ಯಾಸವಿಲ್ಲ. ಆದಕಾರಣ ಈ ವಿಮರ್ಶೆ ಅರ್ಧ ಸೈಕಲ್ಲಿನದು, ಅರ್ಧ ದೊಡ್ಡಪ್ಪನದು.

ಮೊದಲು ಸೈಕಲ್ಲು. ಇದು ನಮ್ಮ ಕಡೆ ಹಾಲಿನವರು, ಅಂಚೆಯವರು, ಮೇಷ್ಟರು ಎಲ್ಲರೂ ಬಳಸುತ್ತಿದ್ದ ದೊಡ್ಡ ಕರಿ ಸೈಕಲ್ಲು. ಡಬಲ್ ಬಾರಿನದು, 28 ಇಂಚಿನ ಚಕ್ರದ್ದು, ಗೇರಿಲ್ಲದ್ದು. ಬ್ರೇಕಿಗೆ ತಂತಿಯ ಬದಲು ಸರಳುಗಳಿವೆ. ಸೀಟು ಚರ್ಮದ್ದು, ಅದರ ಕೆಳಗೆ ಎರಡು ದಪ್ಪ ಸ್ಪ್ರಿಂಗುಗಳಿವೆ. ಸಂಘದಲ್ಲಿ ಅಡಿಕೆ ಮೂಟೆ ತೂಗುವ ಯಂತ್ರದ ಮೇಲಿಟ್ಟಾಗ ಸ್ಟ್ಯಾಂಡು, ಕ್ಯಾರಿಯರ್, ಡೈನಮೋ ಸಮೇತ 23 ಕೆಜಿ ತೂಗಿತು. ತೊಳೆದು ಮತ್ತೆ ಇಟ್ಟಾಗ 22 ಕೆಜಿ 400 ಗ್ರಾಂ ತೋರಿಸಿತು. ಅಂದರೆ ದೊಡ್ಡಪ್ಪ ಅಷ್ಟು ವರ್ಷ 600 ಗ್ರಾಂ ಸ್ವಂತ ಊರಿನ ಮಣ್ಣನ್ನು ಲೋಕಕ್ಕೆಲ್ಲ ತೋರಿಸಿಕೊಂಡು ಬಂದಿದ್ದರು. ಇಂಥ ಸೈಕಲ್ಲುಗಳು ಈಗಲೂ ಹೊಸದಾಗಿ ಸಿಗುತ್ತವೆ. 1956ರಲ್ಲಿ ಲುಧಿಯಾನದಲ್ಲಿ ಶುರುವಾದ ಹೀರೋ ಕಂಪನಿಯ ಹೆಸರನ್ನು ಕೇಳದವರಿಲ್ಲ. ಅದರ ಜೊತೆಗೇ ಮನೆಮಾತಾಗಿದ್ದ ಅಟ್ಲಾಸ್ ಮಾತ್ರ ತನ್ನ ಸಾಹಿಬಾಬಾದ್ ಕಾರ್ಖಾನೆಯ ಬಾಗಿಲನ್ನು 2020ರ ಜೂನ್ 3ರಂದು, ಸರಿಯಾಗಿ ವಿಶ್ವ ಸೈಕಲ್ ದಿನದಂದೇ, ಹಾಕಿತು. ನನ್ನ ಸೈಕಲ್ಲು ಈ ಎರಡರಲ್ಲಿ ಯಾವುದೂ ಆಗಿರಬಹುದು, ಎರಡೂ ಅಲ್ಲದಿರಬಹುದು. ದೊಡ್ಡಪ್ಪನನ್ನು ಕೇಳಿದರೆ ಬೆಳಿಗ್ಗೆ ಒಂದು ಹೆಸರು, ಸಂಜೆ ಒಂದು ಹೆಸರು ಹೇಳುತ್ತಾರೆ.

ತಪಾಸಣೆಯ ವೇಳೆ ಕಂಡ ನ್ಯೂನತೆಗಳು ಹೆಚ್ಚೇನಿಲ್ಲ. ಮುಂದಿನ ಮಡ್‌ಗಾರ್ಡ್ ಸ್ವಲ್ಪ ಸೊಟ್ಟಗಿತ್ತು, ಗಂಟೆಯ ಮುಚ್ಚಳ ಇರಲಿಲ್ಲ, ಎರಡು ಕಡ್ಡಿ ಮುರಿದಿದ್ದವು. ಒಂದು ಸಂಗತಿ ಮಾತ್ರ ನನಗೆ ಅರ್ಥವಾಗಲಿಲ್ಲ. ಕ್ಯಾರಿಯರ್‌ನ ಹಿಂತುದಿಯಲ್ಲಿ, ಎಡ ಬಲದ ಎರಡೂ ಕಂಬಿಗಳಲ್ಲಿ, ತಲಾ ನಾಲ್ಕು ಬೆರಳಗಲದಷ್ಟು ಜಾಗದಲ್ಲಿ ಬಣ್ಣ ಪೂರ್ತಿ ಸವೆದು ಹೋಗಿತ್ತು. ಉಳಿದ ಕಡೆ ಬಣ್ಣ ಹೋದಲ್ಲೆಲ್ಲ ತುಕ್ಕು ಹಿಡಿದಿದ್ದರೆ, ಅಲ್ಲಿ ಮಾತ್ರ ಕಬ್ಬಿಣ ದೇವರ ಮನೆಯ ಗಂಟೆಯ ಹಿಡಿಯಂತೆ ನುಣುಪಾಗಿ ಮಿನುಗುತ್ತಿತ್ತು. ಹಗ್ಗ ಕಟ್ಟಿ ಕಟ್ಟಿ ಸವೆದಿರಬೇಕು ಎಂದು ಸೈಕಲ್ ಶಾಪಿನವರು ಹೇಳಿದರು. ಹಗ್ಗ ತಿಕ್ಕಿದರೆ ಗೀರು ಬೀಳುತ್ತದೆಯೇ ಹೊರತು ಇಂಥ ನುಣುಪು ಬರುವುದಿಲ್ಲ. ದೊಡ್ಡಪ್ಪನ ವಿವರಣೆ ಇನ್ನೂ ಸರಳವಾಗಿತ್ತು: ಅಲ್ಲಿ ಆನೆ ಕೂತಿತ್ತು.

ಆನೆಯ ಪ್ರಕರಣವನ್ನು ಅವರು ಹೇಳಿದಂತೆಯೇ ದಾಖಲಿಸುತ್ತೇನೆ. ಒಂದು ದಿನ ಅವರು ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಬರುತ್ತಿದ್ದಾಗ, ಮಂಡಗದ್ದೆ ದಾಟಿ ಸಕ್ರೆಬೈಲಿನ ಬಳಿ ತುಂಗೆಯ ಹಿನ್ನೀರಿನಲ್ಲಿ ಸ್ನಾನ ಮುಗಿಸಿದ ಬಿಡಾರದ ಆನೆಯೊಂದು ಸುಸ್ತಾಗಿ ರಸ್ತೆಯ ಪಕ್ಕ ನಿಂತಿತ್ತು. ದೊಡ್ಡಪ್ಪ ಸೈಕಲ್ ನಿಲ್ಲಿಸಿ, ಕ್ಯಾರಿಯರ್ ಮೇಲಿನ ಚೀಲವನ್ನು ಹ್ಯಾಂಡಲಿಗೆ ಸಿಕ್ಕಿಸಿಕೊಂಡು, ಆನೆಗೆ ಜಾಗ ಮಾಡಿಕೊಟ್ಟರು. ಆನೆ ಕೂತಿತು. ಮಾವುತ ಮಾತ್ರ ಪಾಪ ಹಿಂದೆ ನಡೆದುಕೊಂಡೇ ಬರಬೇಕಾಯಿತು. ಅವನನ್ನೂ ಮುಂದಿನ ಬಾರಿನ ಮೇಲೆ ಕೂರಿಸಿಕೊಳ್ಳಬಹುದಿತ್ತಲ್ಲ ಎಂದು ನಾನು ಕೇಳಿದಾಗ ದೊಡ್ಡಪ್ಪ ನನ್ನನ್ನು ಕಾನೂನು ಗೊತ್ತಿಲ್ಲದವನಂತೆ ನೋಡಿದರು. "ಎಂತ ಮಾತು ಮಾರಾಯ? ಡಬಲ್ ರೈಡಿಂಗಿಗೇ ಪೊಲೀಸರು ಹಿಡೀತಿದ್ರು. ತ್ರಿಬಲ್ ಹೋದ್ರೆ ಬಿಡ್ತಿದ್ರಾ?"

ಡೈನಮೋದ ಬಗ್ಗೆಯೂ ಇಂಥದೇ ಒಂದು ಹೇಳಿಕೆಯಿದೆ. ಆಗುಂಬೆಯಲ್ಲಿ ಸೂರ್ಯಾಸ್ತ ನೋಡಲು ಸೇರಿದ್ದ ಜನ ಸೂರ್ಯ ಮುಳುಗಿದ ಮೇಲೆ ಎದ್ದು ಹೊರಡುವ ಹೊತ್ತಿಗೆ ದೊಡ್ಡಪ್ಪ ಘಾಟಿ ಹತ್ತಿ ಬಂದರಂತೆ. ಅವರ ತುಳಿತದ ರಭಸಕ್ಕೆ ಡೈನಮೋ ದೀಪ ಎಷ್ಟು ಪ್ರಕಾಶಮಾನವಾಗಿ ಉರಿಯಿತೆಂದರೆ, ಅಷ್ಟೂ ಜನ ಸೂರ್ಯ ವಾಪಸ್ಸು ಬಂದನೆಂದು ತಿಳಿದು ಮತ್ತೆ ಕಟ್ಟೆಯ ಮೇಲೆ ಕೂತರು. ಊರಿನ ಕೋಳಿಗಳು ಕೂಗಿದವು. ಸೈಕಲ್ಲಿನ ಡೈನಮೋ 6 ವೋಲ್ಟಿನದು, ಅದರಿಂದ ಬರುವ ಶಕ್ತಿ ಹೆಚ್ಚೆಂದರೆ ಸುಮಾರು 3 ವ್ಯಾಟ್. ಎಷ್ಟೇ ಜೋರಾಗಿ ತುಳಿದರೂ ಮೊದಲು ಸುಡುವುದು ಬಲ್ಬು. ನಮ್ಮ ಜಿಲ್ಲೆಯಲ್ಲೇ ಇರುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಆ ಬೆಳಕನ್ನು ಡೈನಮೋದಿಂದ ಪಡೆಯಬೇಕಾದರೆ 34 ಕೋಟಿ 50 ಲಕ್ಷ ದೊಡ್ಡಪ್ಪಂದಿರು ಒಟ್ಟಿಗೆ ತುಳಿಯಬೇಕಾಗುತ್ತದೆ. ಒಬ್ಬ ದೊಡ್ಡಪ್ಪನನ್ನು ಮದುವೆ ಮನೆಯಲ್ಲಿ ಸಂಭಾಳಿಸುವುದೇ ನಮ್ಮ ಕುಟುಂಬಕ್ಕೆ ಸಾಕುಸಾಕಾಗಿರುವಾಗ ಈ ಯೋಜನೆ ಕಾರ್ಯಸಾಧ್ಯವಲ್ಲ.

ಮಳೆಯ ಹೇಳಿಕೆಯನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಆಗುಂಬೆಯಿಂದ ಹೊರಟು ಮಳೆಗಿಂತ ಮುಂದೆ ಸೈಕಲ್ ಹೊಡೆದೆ, ಹಿಂದಿನ ಚಕ್ರ ಒದ್ದೆಯಾಗಿತ್ತು, ಮುಂದಿನ ಚಕ್ರದಲ್ಲಿ ಧೂಳಿತ್ತು ಎನ್ನುತ್ತಾರೆ ಅವರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ ಘಟ್ಟದ ಅಂಚಿನಿಂದ ಪೂರ್ವಕ್ಕೆ ಬಂದಂತೆಲ್ಲ ಎಷ್ಟು ಬೇಗ ಇಳಿಯುತ್ತದೆಂದರೆ, ಗಾಜನೂರಿನಲ್ಲಿ ಕೊಡೆ ಮಡಚಿ ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಬಿಸಿಲಿಗೆ ಟೋಪಿ ಹುಡುಕಿದ ಅನುಭವ ನನಗೂ ಇದೆ. ಇದರಲ್ಲಿ ದೊಡ್ಡಪ್ಪನ ಪಾಲು ಎಷ್ಟು, ಸಹ್ಯಾದ್ರಿಯ ಪಾಲು ಎಷ್ಟು ಎಂಬುದಷ್ಟೇ ಪ್ರಶ್ನೆ.

ಸೈಕಲ್ಲು ನನ್ನ ಕೈಗೆ ಬಂದಾಗ ಮೊದಲು ಮಾಡಿಸಿದ್ದು ಓವರಾಯಿಲಿಂಗ್. ಶಿವಮೊಗ್ಗದಲ್ಲಿ ಈ ಕೆಲಸವನ್ನು ಈಗಲೂ ಮನಸ್ಸಿಟ್ಟು ಮಾಡುವ ಹಳಬರು ಇದ್ದಾರೆ ಎಂಬುದನ್ನು ಕಂಡು ಸಂತೋಷವಾಯಿತು. ಅವರು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಒಂದು ಹಳೆಯ ಚಿತ್ರಾನ್ನದ ತಟ್ಟೆಯಲ್ಲಿ ಸೀಮೆಎಣ್ಣೆ ಸುರಿದು, ಹಬ್ಬು ಬಿಚ್ಚಿ ಬಾಲ್ಸುಗಳನ್ನು ಅದರಲ್ಲಿ ಹಾಕಿದರು. ಆಮೇಲೆ ಒಂದೊಂದು ಗುಂಡನ್ನೂ ಬೆರಳಿನ ಮಧ್ಯೆ ಹೊರಳಿಸಿ, ಕಣ್ಣಿನ ಹತ್ತಿರ ಹಿಡಿದು, ಕಲೆಯಿದ್ದುದನ್ನು ಎಡಕ್ಕೆ, ಸರಿಯಿದ್ದುದನ್ನು ಬಲಕ್ಕೆ ಬೇರ್ಪಡಿಸಿದರು. ನಮ್ಮ ಕಡೆ ಹೆಂಗಸರು ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಇರುವ ಅದೇ ಏಕಾಗ್ರತೆ. ಚಕ್ರದ ಬೆಂಡು ತೆಗೆಯುವಾಗ ರಿಮ್ಮಿನ ಪಕ್ಕ ಸೀಮೆಸುಣ್ಣ ಹಿಡಿದು ತಿರುಗಿಸಿ, ಗೆರೆ ಬಿದ್ದಲ್ಲಿ ಕಡ್ಡಿ ಬಿಗಿ ಮಾಡಿದರು. ಫ್ರೀವೀಲು, ಚೈನು, ಒಂದು ಜೊತೆ ಟ್ಯೂಬು, ವಾಲ್‌ಟ್ಯೂಬು, ನಾಲ್ಕು ಬ್ರೇಕ್ ಕಟ್ಟೆ, ಕೂಲಿ ಎಲ್ಲ ಸೇರಿ 1,940 ರೂಪಾಯಿ ಆಯಿತು. ಬಿಡಿಭಾಗ ತಂದ ಬೇರೊಂದು ಅಂಗಡಿಯಲ್ಲಿ ನನಗೆ ಅಳತೆ ತಪ್ಪಿದ ಕಾಟರ್ ಪಿನ್ ಕೊಟ್ಟು, ವಾಪಸ್ಸು ಒಯ್ದಾಗ ಸೈಕಲ್ಲೇ ತಪ್ಪು ಎಂದು ವಾದಿಸಿದರು. ಹೆಸರು ಬೇಡ. ಪಿನ್ನನ್ನು ಕೊನೆಗೆ ಶಾಪಿನವರೇ ಅರದಿಂದ ಉಜ್ಜಿ ಕೂರಿಸಿದರು.

ಈ ಸೈಕಲ್ಲಿನ ಓಟದ ಗುಣವನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಅದು ಹೊರಡುವುದಕ್ಕೆ ಮನಸ್ಸು ಮಾಡುವುದಿಲ್ಲ, ಹೊರಟ ಮೇಲೆ ನಿಲ್ಲುವುದಕ್ಕೂ ಮನಸ್ಸು ಮಾಡುವುದಿಲ್ಲ. ವಿನೋಬನಗರದಿಂದ ಸಂಘದ ಕಚೇರಿಗೆ ದಿನವೂ ಹೋಗಿ ಬರುವ ದಾರಿಯಲ್ಲಿ ಇದರಷ್ಟು ಸುಖ ಯಾವ ವಾಹನದಲ್ಲೂ ನನಗೆ ಸಿಕ್ಕಿಲ್ಲ. ಬೆನ್ನು ನೆಟ್ಟಗಿರುತ್ತದೆ, ಪಂಚೆ ಉಟ್ಟವನೂ ಹತ್ತಬಹುದು, ಪರಿಚಯದವರು ಕಂಡರೆ ಒಂದು ಕೈ ಎತ್ತಿ ನಮಸ್ಕಾರ ಮಾಡಬಹುದು. ರಸ್ತೆ ಅಗೆದು ಬಿಟ್ಟಿರುವಲ್ಲಿ ಸೀಟಿನ ಸ್ಪ್ರಿಂಗುಗಳು ಕಿರ್ ಎಂದು ಗೊಣಗುತ್ತವೆ, ಆದರೆ ಸೊಂಟದವರೆಗೆ ದೂರು ತಲುಪಿಸುವುದಿಲ್ಲ. ಗಾಜನೂರಿನವರೆಗೆ ಭಾನುವಾರ ಬೆಳಿಗ್ಗೆ ಹಲವು ಬಾರಿ ಹೋಗಿಬಂದಿದ್ದೇನೆ. ಗಾಳಿ ಎದುರಿಲ್ಲದಿದ್ದರೆ ಕಾಲಿಗೆ ಕೆಲಸವೇ ಇಲ್ಲವೇನೋ ಎನ್ನುವಂತೆ ಓಡುತ್ತದೆ. ಚಿಕ್ಕಂದಿನಲ್ಲಿ ಇದೇ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಬಿದ್ದ ಗಾಯದ ಗುರುತು ನನ್ನ ಎಡ ಮೊಣಕಾಲಿನಲ್ಲಿ ಇನ್ನೂ ಇರುವುದರಿಂದ, ಈ ಭಾಗದಲ್ಲಿ ನನ್ನ ಅಭಿಪ್ರಾಯ ಪೂರ್ಣ ನಿಷ್ಪಕ್ಷಪಾತವಲ್ಲ ಎಂಬುದನ್ನೂ ಓದುಗರಿಗೆ ತಿಳಿಸಬೇಕು.

ಬ್ರೇಕಿನ ವಿಷಯದಲ್ಲಿ ಯಾವ ಮುಲಾಜೂ ಬೇಡ. ಬೇಸಿಗೆಯಲ್ಲಿ ಸರಳಿನ ಬ್ರೇಕು ಕೆಲಸ ಮಾಡುತ್ತದೆ. ಮಳೆಯಲ್ಲಿ ಕ್ರೋಮ್ ಹಾಕಿದ ಉಕ್ಕಿನ ರಿಮ್ಮು ಒದ್ದೆಯಾದಾಗ ರಬ್ಬರಿನ ಕಟ್ಟೆಗೆ ಹಿಡಿತವೇ ಸಿಗುವುದಿಲ್ಲ. ಆಗ ಬ್ರೇಕ್ ಹಿಡಿಯುವುದೆಂದರೆ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟ ಹಾಗೆ: ಅರ್ಜಿ ಸ್ವೀಕಾರವಾಗುತ್ತದೆ, ವಿಲೇವಾರಿಗೆ ಕಾಲಾವಕಾಶ ಬೇಕು. ಕಳೆದ ಜುಲೈನಲ್ಲಿ ಒಂದು ಸಣ್ಣ ಇಳಿಜಾರಿನಲ್ಲಿ ನಾನು ಬ್ರೇಕ್ ಹಿಡಿದ ಜಾಗ ಹೂವಿನಂಗಡಿ, ಸೈಕಲ್ಲು ನಿಂತ ಜಾಗ ಹಣ್ಣಿನಂಗಡಿ. ನಡುವಿನ ಎರಡು ಬಟ್ಟೆ ಅಂಗಡಿಗಳಿಗೂ ನನ್ನ ಗಾಬರಿಯ ಮುಖದ ಪರಿಚಯವಾಯಿತು. ಈ ಬಗ್ಗೆ ದೊಡ್ಡಪ್ಪ ತಮಗೆ ಬ್ರೇಕಿನ ಅಗತ್ಯವೇ ಬಿದ್ದಿರಲಿಲ್ಲ, ತಾವು ಬರುವುದನ್ನು ಕಂಡು ತಿರುವುಗಳೇ ನೆಟ್ಟಗಾಗುತ್ತಿದ್ದವು ಎಂದರು.

ಇನ್ನು ಮುಖ್ಯ ಹೇಳಿಕೆಗೆ ಬರೋಣ. ದೊಡ್ಡಮ್ಮನ ತವರು ಘಟ್ಟದ ಕೆಳಗಿನ ಹೆಬ್ರಿ. ಪ್ರತಿ ವರ್ಷ ಅಲ್ಲಿಂದ ಬರುವಾಗ ದೊಡ್ಡಪ್ಪ ಒಂದು ಕ್ವಿಂಟಾಲ್ ತೆಂಗಿನಕಾಯಿಯನ್ನು ಕ್ಯಾರಿಯರ್ ಮೇಲೆ ಹೇರಿಕೊಂಡು, ಸೋಮೇಶ್ವರದಿಂದ ಆಗುಂಬೆಯವರೆಗಿನ ಹದಿನಾಲ್ಕು ತಿರುವುಗಳನ್ನೂ ಸೀಟಿನಿಂದ ಇಳಿಯದೆ ಹತ್ತುತ್ತಿದ್ದರು ಎಂಬುದು ನಮ್ಮ ಕುಟುಂಬದ ಎಲ್ಲ ಮದುವೆ, ಮುಂಜಿ, ತಿಥಿಗಳಲ್ಲಿ ಕೇಳಿಬರುವ ಕಥೆ. "ಏರಲ್ಲಿ ನಾನು ಒಂದು ಸಲನೂ ಹಿಂದೆ ತಿರುಗಿ ನೋಡ್ದವನಲ್ಲ" ಎಂಬ ಮಾತಿನೊಂದಿಗೆ ಅದು ಮುಗಿಯುತ್ತದೆ. ಆನೆ, ಸೂರ್ಯ, ಕೋಳಿಗಳ ಕಥೆಗಳಿಗೆ ಕೇಳುಗರು ನಗುತ್ತಾರೆ. ಇದಕ್ಕೆ ಮಾತ್ರ ಯಾರೂ ನಗುವುದಿಲ್ಲ, ಏಕೆಂದರೆ ಕಾಯಿ ಬಂದಿದ್ದನ್ನು ಕಣ್ಣಾರೆ ಕಂಡವರು ಹಲವರಿದ್ದಾರೆ. ಆದ್ದರಿಂದ ಲೆಕ್ಕ ಹಾಕಲೇಬೇಕಾಯಿತು.

ಈ ಸೈಕಲ್ಲಿನ ಮುಂದಿನ ಹಲ್ಲುಚಕ್ರದಲ್ಲಿ 44 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 18 ಹಲ್ಲು. ಪೆಡಲನ್ನು ಒಂದು ಸುತ್ತು ತುಳಿದರೆ ಹಿಂದಿನ ಚಕ್ರ ಎರಡೂಕಾಲು ಸುತ್ತಿಗಿಂತ ಹೆಚ್ಚು ತಿರುಗಿ, ಸೈಕಲ್ಲು ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ಅಷ್ಟರಲ್ಲಿ ಪಾದ ಸುತ್ತುವ ದೂರ ಒಂದು ಮೀಟರಿಗಿಂತ ಚೂರು ಹೆಚ್ಚು. ಅಂದರೆ ರಸ್ತೆಯಲ್ಲಿ ಬೇಕಾದ ಒಂದೊಂದು ಕೆಜಿ ಬಲಕ್ಕೂ ಪಾದ ಐದು ಕೆಜಿ ಒತ್ತಬೇಕು. ಸಮತಟ್ಟಾದ ರಸ್ತೆಯಲ್ಲಿ ಇದು ಲಾಭದ ವ್ಯಾಪಾರ, ಏರಿನಲ್ಲಿ ಬಡ್ಡಿ ವ್ಯಾಪಾರ. ನೂರು ಮೀಟರಿಗೆ ಏಳು ಮೀಟರ್ ಏರುವ ರಸ್ತೆಯೆಂದು ಇಟ್ಟುಕೊಳ್ಳೋಣ. ಮಲೆನಾಡಿನಲ್ಲಿ ಅಂಥ ಏರು ಅಪರೂಪವಲ್ಲ. ನನ್ನ ತೂಕ 70 ಕೆಜಿ, ಸೈಕಲ್ಲಿನದು 22, ಒಟ್ಟು 92. ಇದರ ನೂರಕ್ಕೆ ಏಳು ಭಾಗ ಆರೂವರೆ ಕೆಜಿ. ಇಷ್ಟು ಬಲ ಚಕ್ರದಲ್ಲಿ ಬೇಕೆಂದರೆ ಪಾದ ಸರಾಸರಿ 33 ಕೆಜಿ ಒತ್ತುತ್ತಲೇ ಇರಬೇಕು. ಪೆಡಲು ಮೇಲೆ ಅಥವಾ ಕೆಳಗೆ ನೇರವಾಗಿರುವಾಗ ಒತ್ತಿದ್ದೆಲ್ಲ ವ್ಯರ್ಥವಾಗುವುದರಿಂದ, 70 ಕೆಜಿಯ ಮನುಷ್ಯ ಸೀಟು ಬಿಟ್ಟು ಪೆಡಲ್ ಮೇಲೆಯೇ ಎದ್ದು ನಿಂತರೂ ಸುತ್ತಿನ ಸರಾಸರಿಯಲ್ಲಿ ಅವನ ಮೈಭಾರದಿಂದ ದೊರೆಯುವುದು 45 ಕೆಜಿ ಮಾತ್ರ. ಬರಿಯ ಸೈಕಲ್ಲನ್ನು ಏರಿಸುವುದು ಹೀಗೆ ಕಷ್ಟವಾದರೂ ಸಾಧ್ಯವೇ.

ಈಗ ಅದರ ಮೇಲೆ ಒಂದು ಕ್ವಿಂಟಾಲ್ ಕಾಯಿ ಹೇರಿ. ಒಟ್ಟು ತೂಕ 192 ಕೆಜಿ, ಪಾದಕ್ಕೆ ಬೇಕಾದ ಸರಾಸರಿ ಒತ್ತಡ 69 ಕೆಜಿ. ದೊಡ್ಡಪ್ಪನ ಪ್ರಾಯದ ತೂಕವನ್ನೂ 70 ಎಂದೇ ಹಿಡಿದಿದ್ದೇನೆ, ಅದಕ್ಕೆ ಅವರ ಆಕ್ಷೇಪಣೆಯಿಲ್ಲ. ಬೇಕಾದದ್ದು 69, ಇದ್ದದ್ದು 45. ಹ್ಯಾಂಡಲನ್ನು ಜಗ್ಗಿ ಹಿಡಿದು ಇನ್ನಷ್ಟು ಒತ್ತಬಹುದು, ಆದರೆ ಅದು ನಾಲ್ಕು ಸುತ್ತಿನ ಮಾತು, ಹದಿನಾಲ್ಕು ತಿರುವಿನದಲ್ಲ. ಉಳಿದ 24 ಕೆಜಿ ಎಲ್ಲಿಂದ ಬಂತು? ಪೆಡಲಿನಲ್ಲಿ 24 ಕೆಜಿಯ ಈ ಕೊರತೆ ರಸ್ತೆಯ ಲೆಕ್ಕಕ್ಕೆ ಬಂದಾಗ ಐದು ಕೆಜಿಯೊಳಗೇ ಇದೆ ಎಂಬುದನ್ನೂ ಗಮನಿಸಿದೆ. ಮೊತ್ತ ಸಣ್ಣದು. ಆದರೆ ಆಡಿಟ್ಟಿನಲ್ಲಿ ಸಣ್ಣ ಮೊತ್ತವೇ ನಿದ್ದೆಗೆಡಿಸುವುದು.

ಗೇರ್ ಸೈಕಲ್ಲು ಕೊಳ್ಳಬೇಕೋ ಇಂಥ ಸೈಕಲ್ಲು ಕೊಳ್ಳಬೇಕೋ ಎಂದು ಯೋಚಿಸುತ್ತಿರುವವರಿಗೆ ಈ ಲೆಕ್ಕವೇ ಉತ್ತರ. ಮುಂದೆ 24 ಹಲ್ಲು, ಹಿಂದೆ 28 ಹಲ್ಲಿನ ಗೇರಿನಲ್ಲಿ ಒಂದು ಸುತ್ತಿಗೆ ಸೈಕಲ್ಲು ಎರಡು ಮೀಟರಿಗಿಂತ ಕಡಿಮೆ ಸಾಗುತ್ತದೆ, ಪಾದದ ಒತ್ತಡ ಮೂರನೇ ಒಂದಕ್ಕೆ ಇಳಿಯುತ್ತದೆ, ತುಳಿಯಬೇಕಾದ ಸುತ್ತು ಮೂರು ಪಟ್ಟಾಗುತ್ತದೆ. ಗೇರು ಸಾಲವನ್ನು ಮನ್ನಾ ಮಾಡುವುದಿಲ್ಲ, ಕಂತಿನಲ್ಲಿ ತೀರಿಸಲು ಬಿಡುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಓಡಾಡುವವರಿಗೆ ಕರಿ ಸೈಕಲ್ಲು ಸಾಕು. ತೀರ್ಥಹಳ್ಳಿ, ಹೊಸನಗರದ ಕಡೆ ಮನೆಯಿದ್ದು ದಿನವೂ ದರೆ ಹತ್ತಿ ಇಳಿಯುವವರು ಗೇರಿನದನ್ನೇ ನೋಡಲಿ.

ಕಾಗದದ ಲೆಕ್ಕವನ್ನಷ್ಟೇ ನಂಬಿ ಬರೆದೆನೆಂಬ ಅಪವಾದ ಬಾರದಿರಲೆಂದು, ಡಿಸೆಂಬರಿನ ಒಂದು ಬೆಳಿಗ್ಗೆ ಸೈಕಲ್ಲನ್ನು ತಮ್ಮನ ಪಿಕಪ್ಪಿನಲ್ಲಿ ಸೋಮೇಶ್ವರಕ್ಕೆ ಒಯ್ದು, ಅಲ್ಲಿಂದ ಘಾಟಿ ಹತ್ತಲು ಹೊರಟೆ. ಕ್ಯಾರಿಯರ್ ಮೇಲೆ ಕಾಯಿ ಇರಲಿಲ್ಲ. ಒಂದು ಚಿಪ್ಪು ಬಾಳೆಹಣ್ಣು ಮಾತ್ರ ಇತ್ತು. ಮೊದಲ ತಿರುವನ್ನು ಗೌರವದಿಂದ ದಾಟಿದೆ. ಎರಡನೆಯದರಲ್ಲಿ ಸೀಟು ಬಿಟ್ಟು ಎದ್ದೆ. ಮೂರನೆಯ ತಿರುವಿನ ಒಳಮೈಯಲ್ಲಿ, ರಸ್ತೆ ಒಮ್ಮೆಲೇ ಕಡಿದಾಗುವ ಜಾಗದಲ್ಲಿ, ಪೆಡಲಿನ ಮೇಲೆ ನನ್ನ ಪೂರ್ತಿ ಭಾರ ಹಾಕಿ ನಿಂತಿದ್ದರೂ ಪೆಡಲು ಕೆಳಗೆ ಹೋಗಲಿಲ್ಲ. ನಾನು, ಸೈಕಲ್ಲು, ಸಹ್ಯಾದ್ರಿ ಮೂವರೂ ಒಂದು ಕ್ಷಣ ಹಾಗೆಯೇ ನಿಂತೆವು. ಕಾಲು ನೆಲಕ್ಕೆ ಊರಿದ್ದು ನಾನೇ. ಕಟ್ಟೆಯ ಮೇಲೆ ಕೂತಿದ್ದ ಮಂಗಗಳಲ್ಲಿ ಒಂದು ಆತುರವಿಲ್ಲದೆ ಇಳಿದುಬಂದು ಕ್ಯಾರಿಯರ್ ಭಾರವನ್ನು ಹಗುರ ಮಾಡಿಕೊಟ್ಟಿತು. ಉಳಿದ ತಿರುವುಗಳನ್ನು ಸೈಕಲ್ಲನ್ನು ತಳ್ಳಿಕೊಂಡು ಹತ್ತಿದೆ. ಅಚ್ಚರಿಯೆಂದರೆ, ತಳ್ಳುವುದು ಏನೂ ಕಷ್ಟವೆನಿಸಲಿಲ್ಲ.

ಅಲ್ಲಿಂದ ಮೇಗರವಳ್ಳಿ ಕಡೆಯಲ್ಲಿರುವ ದೊಡ್ಡಪ್ಪನ ಮನೆಗೆ ಹೋದೆ. ಜಗಲಿಯಲ್ಲಿ ಅವರು ಕವಳ ಹಾಕುತ್ತಿದ್ದರು, ಒಳಗೆ ದೊಡ್ಡಮ್ಮ ಕಡುಬು ಬೇಯಿಸುತ್ತಿದ್ದರು. ಲೆಕ್ಕ ತೋರಿಸುವ ಮೊದಲು ಅವರನ್ನು ಹದಕ್ಕೆ ತರಬೇಕೆಂದು, ಲೋಕದ ನಿಜವಾದ ಬಲಶಾಲಿಗಳ ಸಾಧನೆಗಳನ್ನು ಹೇಳಿದೆ. ಇಟಲಿಯ ಫಿಲಿಪ್ಪೊ ಗಾನ್ನ 2022ರಲ್ಲಿ ಒಂದು ಗಂಟೆಯಲ್ಲಿ 56.792 ಕಿಲೋಮೀಟರ್ ತುಳಿದಿದ್ದಾನೆ ಎಂದೆ. "ದಾರಿಯಲ್ಲಿ ಮಾತಾಡ್ಸೋರು ಯಾರೂ ಸಿಗ್ಲಿಲ್ಲ ಅಂತ ಕಾಣ್ತದೆ" ಎಂದರು. 2018ರಲ್ಲಿ ಅಮೆರಿಕದ ಬಾನೆವಿಲ್ ಉಪ್ಪು ಬಯಲಿನಲ್ಲಿ ಡೆನಿಸ್ ಮುಲ್ಲರ್-ಕೊರೆನೆಕ್ ಎಂಬ ಮಹಿಳೆ ಸೈಕಲ್ ಮೇಲೆ ಗಂಟೆಗೆ 296 ಕಿಲೋಮೀಟರ್ ವೇಗ ಮುಟ್ಟಿದರು, ಗಾಳಿಯನ್ನು ಸೀಳಿಕೊಡಲು ಅವರ ಮುಂದೆ ರೇಸಿನ ಕಾರು ಓಡುತ್ತಿತ್ತು, ಮೊದಲಿಗೆ ವೇಗ ಹಿಡಿಸಿದ್ದೂ ಆ ಕಾರೇ ಎಂದೆ. ದೊಡ್ಡಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಅವಳ ಮುಂದೆ ಕಾರು ಹೋಗ್ತಿತ್ತು. ನನ್ನ ಮುಂದೆ ಯಾವಾಗ್ಲೂ ಎಮ್ಮೆ ಹೋಗ್ತಿತ್ತು" ಎಂದರು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಕೊನೆಯದಾಗಿ ಜರ್ಮನಿಯ ರಾಬರ್ಟ್ ಫೋರ್ಸ್ಟೆಮನ್ ಎಂಬ ಸೈಕಲ್ ಪಟುವಿನ ವಿಷಯ ಹೇಳಿದೆ. ತೊಡೆಗಳೇ ಬಾಳೆಯ ದಿಂಡಿನಂತಿರುವ ಆತ 700 ವ್ಯಾಟಿನ ಟೋಸ್ಟರಿಗೆ ಸೈಕಲ್ ತುಳಿದೇ ವಿದ್ಯುತ್ತು ಕೊಟ್ಟು ಒಂದು ಹೋಳು ಬ್ರೆಡ್ಡನ್ನು ಕೆಂಪಗೆ ಮಾಡಿ, ಆಮೇಲೆ ನೆಲದ ಮೇಲೆ ಬಿದ್ದುಕೊಂಡು ಏದುಸಿರು ಬಿಟ್ಟ. ಹಾಗೆ ಹುಟ್ಟಿದ ವಿದ್ಯುತ್ತು 0.021 ಯೂನಿಟ್. ಒಂದು ಕುದುರೆಶಕ್ತಿ ಎಂದರೆ 746 ವ್ಯಾಟ್. ನಮ್ಮಂಥವರು ಒಂದು ಗಂಟೆ ಕಾಲ ಎಡೆಬಿಡದೆ ಕೊಡಬಲ್ಲದ್ದು ಅದರ ಐದನೆಯ ಒಂದು ಭಾಗವಾದರೆ ಹೆಚ್ಚು ಎಂದು ವಿವರಿಸುತ್ತಿದ್ದಾಗ ಒಳಗಿನಿಂದ ದೊಡ್ಡಮ್ಮನ ಧ್ವನಿ ಬಂತು. "ಒಂದು ಹೋಳು ಬ್ರೆಡ್ಡಿಗೆ ಇಷ್ಟು ಒದ್ದಾಟನಾ? ಅವನ ಮನೇಲಿ ಒಲೆ ಇರ್ಲಿಲ್ವಾ?"

ಆಗ ನಾನು ಜೇಬಿನಿಂದ ಲೆಕ್ಕದ ಹಾಳೆ ತೆಗೆದು ಜಗಲಿಯ ಮೇಲೆ ಹರಡಿದೆ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು, 44ನ್ನು 18ರಿಂದ ಭಾಗಿಸಿದ್ದನ್ನು ತಾವೂ ಬೆರಳಿನಲ್ಲಿ ಎಣಿಸಿ ಸರಿಯೆಂದು ತಲೆಯಾಡಿಸಿದರು. 24 ಕೆಜಿಯ ಕೊರತೆಯ ಮೇಲೆ ಬೆರಳಿಟ್ಟು, "ಇದು ಮನೋಬಲ" ಎಂದರು. ಮನೋಬಲಕ್ಕೆ ಕೆಜಿ ಲೆಕ್ಕ ಬರುವುದಿಲ್ಲ ದೊಡ್ಡಪ್ಪ, ನೀವು ಹೇಳಿದ ಕ್ವಿಂಟಾಲೇ ತಪ್ಪಿರಬೇಕು ಎಂದು ನಾನು ಹೇಳಿದ್ದು ಅವರಿಗೆ ನೋವಾಯಿತು. ಕಾಯಿ ಒಂದು ಕ್ವಿಂಟಾಲೇ ಇತ್ತು, ಬೇಕಾದರೆ ನಿನ್ನ ದೊಡ್ಡಮ್ಮನನ್ನೇ ಕೇಳು, ಅವಳ ಅಪ್ಪನ ಮನೆಯಲ್ಲೇ ತೂಗಿದ್ದು ಎಂದರು.

ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. "ಕ್ವಿಂಟಾಲೇ ಹೌದು. ಇವರು ಎಲ್ಲೂ ಇಳಿದವರಲ್ಲ ಅನ್ನೋದೂ ಹೌದು" ಎಂದರು. ದೊಡ್ಡಪ್ಪ ನನ್ನತ್ತ ಗೆದ್ದ ನೋಟ ಬೀರಿದರು. "ವರ್ಷ ವರ್ಷ ಘಾಟಿಲೂ ಹೌದು, ವಾರ ವಾರ ಸಂತೆ ಮುಗಿಸಿ ಬರುವಾಗ ಈ ನಮ್ಮನೆ ಏರಲ್ಲೂ ಹೌದು. ಹಿಂದೆ ತಿರುಗಿ ನೋಡ್ದವರೂ ಅಲ್ಲ." ಅಷ್ಟು ಹೇಳಿ ಅವರು ಅಂಗಳಕ್ಕಿಳಿದು, ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದ ಸೈಕಲ್ಲಿನ ಹಿಂದೆ ಹೋಗಿ, ಅಭ್ಯಾಸವಾಗಿದ್ದವರ ಹಾಗೆ ಸೆರಗು ಸಿಕ್ಕಿಸಿ, ಕ್ಯಾರಿಯರ್‌ನ ಎರಡು ಕಂಬಿಗಳ ತುದಿಯಲ್ಲಿ ಎರಡು ಕೈಯಿಟ್ಟರು. ನಾಲ್ಕು ನಾಲ್ಕು ಬೆರಳೂ ಆ ಮಿನುಗುವ ಕಬ್ಬಿಣದ ಮೇಲೆ ಒಂದೆಳೆಯೂ ಆಚೀಚೆಯಾಗದೆ ಕೂತವು.

"ನೋಡಿದ್ರೆ ಗೊತ್ತಾಗ್ತಿತ್ತು" ಎಂದರು ದೊಡ್ಡಮ್ಮ.

ದೊಡ್ಡಪ್ಪ ಲೆಕ್ಕದ ಹಾಳೆಯನ್ನು ಮಡಚಿ ನನ್ನ ಕೈಗೆ ವಾಪಸ್ಸು ಕೊಟ್ಟು, ಆನೆಯೂ ಅಲ್ಲೇ ಕೂತಿತ್ತು ಎಂದರು.